ಹನ್ನೊಂದು ಮೂಟೆ ಕಸ

ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಗುಡಿಸುವವರ, ಒರೆಸುವವರ ಮೇಲ್ವಿಚಾರಕಿಯಾಗಿದ್ದು ನಿವೃತ್ತರಾದ ಹೆಂಗಸಿಗೆ ಮನೆಯಲ್ಲಿ ಎಷ್ಟು ಅಂತ ಕೆಲಸ ಸಿಕ್ಕೀತು, ನೀವೇ ಹೇಳಿ. ಎರಡು ಕೋಣೆ, ಒಂದು ಅಡುಗೆಮನೆ. ಬೆಳಗ್ಗೆ ಏಳಕ್ಕೆಲ್ಲ ಮುಗಿದುಹೋಗುತ್ತಿತ್ತು. ಆಮೇಲೆ ಮಗ ಕುಳಿತೆದ್ದ ಕುರ್ಚಿಯನ್ನೆಲ್ಲ ಅವನ ಹಿಂದೆಯೇ ಹೋಗಿ ಒರೆಸುವುದು. ಅಕ್ಕಪಕ್ಕದವರು ಫಿನಾಯಿಲ್ ಅತ್ತೆ ಎಂದು ಹೆಸರಿಟ್ಟಿದ್ದು ಸುಮ್ಮಸುಮ್ಮನೆ ಅಲ್ಲ.

ಸೊಸೆ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಭಾನುವಾರ ಬಂತೆಂದರೆ ಹತ್ತು ಹದಿನೈದು ಜನರನ್ನು ಕಟ್ಟಿಕೊಂಡು ಕಡಲ ದಂಡೆಯ ಕಸ ಹೆಕ್ಕಲು ಹೋಗುತ್ತಿದ್ದಳು. ಅಲ್ಲೊಂದು ಜಾತಿಯ ಹಕ್ಕಿ; ಗುಬ್ಬಿಗಿಂತ ತುಸು ದೊಡ್ಡದು, ಮರಳಿನದೇ ಬಣ್ಣ, ಕಡ್ಡಿಯಂಥ ಕಾಲು. ಮರ ಹತ್ತುವ ಸಾಹಸವೇ ಇಲ್ಲ, ನೆಲದ ಮೇಲೆಯೇ ಮೊಟ್ಟೆ ಇಡುತ್ತದೆ. ಆ ದಂಡೆಯಲ್ಲಿ ಉಳಿದಿದ್ದದ್ದು ಒಂದೇ ಜೋಡಿ. ಎರಡು ವರ್ಷದ ಹಿಂದೆ ಅದರ ಮೊಟ್ಟೆಗಳ ಮೇಲೆ ಯಾರದೋ ಬೈಕು ಹರಿಯಿತು, ಹೋದ ವರ್ಷ ಮರಿಗಳು ಹರಕು ಬಲೆಗೆ ಸಿಕ್ಕಿ ಸತ್ತವು. ಈ ಸಲವೂ ಹೋದರೆ ಮುಗಿಯಿತು ಎಂದು ಸೊಸೆ ಊಟದ ತಟ್ಟೆಯ ಮುಂದೆ ಅತ್ತುಬಿಟ್ಟಳು. ಮದುವೆಯಾಗಿ ಆರು ವರ್ಷದಲ್ಲಿ ಅವಳು ಅತ್ತಿದ್ದನ್ನು ಅತ್ತೆ ನೋಡಿದ್ದು ಅದೇ ಮೊದಲು. ಮುಂದಿನ ಭಾನುವಾರ ರಬ್ಬರ್ ಕೈಗವಸು ಏರಿಸಿಕೊಂಡು, ಹಲ್ಲಿನ ಗೋರೆ ಹಿಡಿದುಕೊಂಡು ಅವಳಿಗಿಂತ ಮೊದಲೇ ಗೇಟಿನ ಹತ್ತಿರ ನಿಂತಿದ್ದರು.

“ಅತ್ತೆ, ಪ್ಲಾಸ್ಟಿಕ್ಕು, ಗಾಜು, ಬಲೆ, ಇಷ್ಟೇ ಹೆಕ್ಕಬೇಕು,” ಎಂದಳು ಸೊಸೆ ದಂಡೆಯಲ್ಲಿ. “ಪಾಚಿ, ಚಿಪ್ಪು, ಒಣಕಡ್ಡಿ ಮುಟ್ಟಬೇಡಿ. ಮೊಟ್ಟೆ ಇಡೋಕೆ ಅದೇ ಮರೆ.”

“ಕೊಳೀತಾ ಬಿದ್ದಿದೆಯಲ್ಲೇ ಅದು.”

“ಕೊಳೀಲಿ ಬಿಡಿ.”

ಬಾಯಿ “ಆಯ್ತಮ್ಮ” ಎಂದಿತು. ಕೈ ಕೇಳಬೇಕಲ್ಲ. ಸೊಸೆ ಅತ್ತ ತಿರುಗಿದ್ದೇ ತಡ, ಇವರು ಗೋರೆ ಹಾಕಿ ಎಳೆದರು ನೋಡಿ, ಪಾಚಿ ಹೋಯಿತು, ಚಿಪ್ಪು ಹೋಯಿತು, ಕಡ್ಡಿ ಹೋಯಿತು. ಎಲ್ಲವನ್ನೂ ಮೂಟೆಯ ಬುಡಕ್ಕೆ ತುರುಕಿ ಮೇಲೆ ಪ್ಲಾಸ್ಟಿಕ್ ಬಾಟಲಿ ಹರಡಿದರು. ಇದೇ ಕಳ್ಳಾಟ ಆಡಿದ ಆಯಾಗಳಿಗೆ ಅವರು ಹಿಂದೆ ಎಷ್ಟು ಸಲ ಬೆವರಿಳಿಸಿದ್ದರೋ ಲೆಕ್ಕವಿಲ್ಲ. ಗುಂಪಿನಲ್ಲಿದ್ದ ನಿವೃತ್ತ ಬ್ಯಾಂಕ್ ಕ್ಯಾಷಿಯರ್ ಆ ಕಡೆ ಬಂದವರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡರು. “ಇಲ್ಲಿ ಕಾಲಿಡೋಕೆ ಭಯ ಆಗುತ್ತೆ ಅಮ್ಮ, ಆಪರೇಷನ್ ಥಿಯೇಟರ್ ಆಗಿದೆ,” ಎಂದರು. ಅತ್ತೆ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು.

ಹನ್ನೊಂದು ಮೂಟೆ ಆಯಿತು. ದಂಡೆಯ ಮೇಲ್ಗಡೆ ಸಾಲಾಗಿ ಇಟ್ಟು ಬಂದರು. ಮರುದಿನ ಬರಬೇಕಾಗಿದ್ದ ಕಸದ ಲಾರಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅತ್ತೆ ದಿನಾ ಬೆಳಗ್ಗೆ ಆರೂವರೆಗೆ ಲಾರಿ ಡ್ರೈವರನಿಗೆ ಫೋನು ಹಚ್ಚತೊಡಗಿದರು. ಅವನಿಗೆ ಒಂದು ದಿನ ಟೈರು, ಒಂದು ದಿನ ಜ್ವರ, ಒಂದು ದಿನ ಭಾವಮೈದುನನ ಮದುವೆ.

“ಮೊನ್ನೆನೂ ಮದುವೆ ಅಂದೆಯಲ್ಲಪ್ಪ. ನಿನ್ನ ಭಾವಮೈದುನನಿಗೆ ಎಷ್ಟು ಸಲ ಮದುವೆ?” ಎಂದು ಕೇಳಿ, ಕಚೇರಿಗೂ ಲಿಖಿತ ದೂರು ಕೊಟ್ಟು ಬಂದರು. ದಿನಕ್ಕೊಂದರಂತೆ ಹತ್ತು ದೂರು.

ನಡುವಿನ ಭಾನುವಾರ ಸೊಸೆಗೆ ಪರೀಕ್ಷೆಯ ಪೇಪರ್ ತಿದ್ದುವ ಕೆಲಸ ಇದ್ದುದರಿಂದ ದಂಡೆಯ ಕಡೆ ಯಾರೂ ಹೋಗಲಿಲ್ಲ. ಅದರ ಮುಂದಿನ ಭಾನುವಾರ ಅತ್ತೆ ಎಲ್ಲರಿಗಿಂತ ಮುಂಚೆ ಮೂಟೆಗಳ ಹತ್ತಿರ ಹೋದರು. ಅಲ್ಲೊಂದು ಹಕ್ಕಿ ಎದ್ದು ಒಂದು ರೆಕ್ಕೆಯನ್ನು ನೆಲಕ್ಕೆ ಎಳೆಯುತ್ತ ಕುಂಟುತ್ತ ಓಡಿತು. ರೆಕ್ಕೆ ಮುರಿದಿದೆ ಪಾಪದ್ದಕ್ಕೆ ಎಂದು ಅತ್ತೆ ಸೊಂಟದ ಟವೆಲ್ ಬಿಚ್ಚಿಕೊಂಡು, “ನಿಲ್ಲು ಮರೀ, ಬ್ಯಾಂಡೇಜು ಕಟ್ಟೋಣ,” ಎನ್ನುತ್ತ ಹಿಂದೆ ಬಿದ್ದರು. ನೂರು ಹೆಜ್ಜೆ ಓಡಿಸಿ ಹಕ್ಕಿ ಭರ್ರೆಂದು ಹಾರಿತು. ಅತ್ತೆ ಮರಳಿನಲ್ಲಿ ಕುಸಿದು ಕುಳಿತು ಏದುಸಿರು ಬಿಟ್ಟರು.

ಸೊಸೆ ಓಡಿ ಬಂದಳು. “ಅತ್ತೆ, ಅದು ನಾಟಕ. ಮೊಟ್ಟೆ ಹತ್ತಿರ ಯಾರಾದ್ರೂ ಹೋದ್ರೆ ಹಂಗೆ ಮಾಡುತ್ತೆ. ಎಲ್ಲಿಂದ ಎದ್ದಿತು?”

ಇಬ್ಬರೂ ಹೆಜ್ಜೆ ನೋಡಿ ನೋಡಿ ಇಡುತ್ತ ವಾಪಸು ಬಂದರು. ಕೊನೆಯ ಮೂಟೆಯ ಬುಡ ಹರಿದು ಒಳಗಿನ ಚಿಪ್ಪು, ಒಣಪಾಚಿ, ಕಡ್ಡಿ ಹೊರಗೆ ಚೆಲ್ಲಿದ್ದವು. ಅದರ ನಡುವೆ, ಮೂಟೆಯ ಮರೆಯಲ್ಲಿ, ಚುಕ್ಕೆ ಚುಕ್ಕೆಯ ಮೂರು ಮೊಟ್ಟೆ.

ಸೊಸೆ ಚಿಪ್ಪಿನ ರಾಶಿ ನೋಡಿದಳು. ಆಚೆಗೆ ಒಂದು ಕಡ್ಡಿಯೂ ಇಲ್ಲದೆ ಚಾಪೆ ಹಾಸಿದಂತಿದ್ದ ದಂಡೆಯನ್ನು ನೋಡಿದಳು. ಆಮೇಲೆ ಅತ್ತೆಯನ್ನು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. “ಅದಕ್ಕೆ ಬೇಕಾದ್ದು ಇಲ್ಲಿ ಮಾತ್ರ ಉಳಿದಿತ್ತು ಅನ್ಸುತ್ತೆ,” ಎಂದಳು ಮೆಲ್ಲಗೆ. ಅತ್ತೆಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಸರಿಯಾಗಿ ಆಗಲೇ ಹಾರ್ನ್ ಕೇಳಿಸಬೇಕೆ. ಹದಿನಾಲ್ಕು ದಿನ ಜಪ್ಪಯ್ಯ ಅಂದರೂ ಬರದ ಲಾರಿ ಹಿಂದು ಹಿಂದಕ್ಕೆ ಮೂಟೆಗಳ ಕಡೆಗೇ ಬರುತ್ತಿತ್ತು. ಅತ್ತೆ ಎರಡು ಕೈ ಚಾಚಿ ಅದರ ಹಿಂದೆ ನಿಂತುಬಿಟ್ಟರು. ಡ್ರೈವರ್ ಗೆದ್ದವನ ಗತ್ತಿನಲ್ಲಿ ಇಳಿದ.

“ಬಂದಿದೀನಿ ಅಮ್ಮಾವ್ರೇ. ಜೊತೆಗೆ ಇಬ್ಬರು ಆಳು. ಇನ್ನಾದ್ರೂ ನೆಮ್ಮದಿಯಾಗಿ ಮಲಗಬಹುದಾ?”

“ತಗೊಂಡು ಹೋಗಬೇಡಪ್ಪ.”

“ಇನ್ನೊಂದ್ಸಲ ಹೇಳಿ.”

“ಕಸ ಇಲ್ಲೇ ಇರಲಿ. ಇನ್ನೊಂದು ಇಪ್ಪತ್ತು ದಿನ. ನಿನ್ನ ದಮ್ಮಯ್ಯ.”

ಅವನು ಲಾರಿಗೆ ಒರಗಿ ನಿಂತ. “ನಿಮ್ಮ ಹತ್ತು ದೂರಿಗೆ ಸಾಹೇಬ್ರು ನನಗೆ ನೋಟಿಸ್ ಕೊಟ್ಟಿದ್ದಾರೆ. ಖಾಲಿ ಲಾರಿ ಹೊಡ್ಕೊಂಡು ಹೋದ್ರೆ ಸಸ್ಪೆಂಡು. ಬೇಡ ಅಂದ್ರಿ ಅಂತ ಕಾರಣ ಸಮೇತ ಬರ್ಕೊಡಿ. ಇಲ್ಲ ಅಂದ್ರೆ ಎತ್ತಿಸ್ತೀನಿ.”

“ಕೊಡಿ, ನಾನು ಬರೀತೀನಿ,” ಎಂದು ಸೊಸೆ ಕೈ ಚಾಚಿದಳು.

“ನೀವಲ್ಲ ಮೇಡಂ. ದೂರು ಕೊಟ್ಟವರು.”

ಅತ್ತೆ ಪೆನ್ನು ಇಸಕೊಂಡರು. ಮೊಟ್ಟೆ ಇದೆ ಎಂದು ಒಂದು ಸಾಲು ಗೀಚಿದ್ದರೆ ಸಾಕಾಗಿತ್ತು, ಮಾನವೂ ಉಳಿಯುತ್ತಿತ್ತು. ಆದರೆ ಮೊಟ್ಟೆ ಅಲ್ಲಿಗೆ ಬಂದದ್ದು ಹೇಗೆ ಎಂಬುದು ಅವರನ್ನು ಸುಮ್ಮನೆ ಬಿಡಲಿಲ್ಲ. ಲಾರಿಯ ಬಾನೆಟ್ಟಿನ ಮೇಲೆ ಕಾಗದ ಇಟ್ಟು, ದುಂಡಗೆ ಬರೆದು, ಸಹಿ ಹಾಕಿ, ಯಾರ ಮುಖವನ್ನೂ ನೋಡದೆ ಕೊಟ್ಟರು.

ಡ್ರೈವರ್ ಗಟ್ಟಿಯಾಗಿ ಓದಿದ: “ಪಾಚಿ, ಚಿಪ್ಪು ಮುಟ್ಟಬೇಡಿ ಎಂದು ಸೊಸೆ ಹೇಳಿದ್ದಳು. ನಾನು ಕೇಳಲಿಲ್ಲ. ಅವಳು ಹೇಳಿದ್ದೇ ಸರಿ. ಮೊಟ್ಟೆ ಮರಿಯಾಗುವ ತನಕ ಮೂಟೆ ಎತ್ತಬಾರದು.” ಅವನ ಗತ್ತು ಇಳಿದುಹೋಗಿತ್ತು. ಕಾಗದವನ್ನು ಜೋಪಾನವಾಗಿ ಮಡಚಿ, “ಆಫೀಸಿಗೆ ಕೊಡೋಕೆ ಮುಂಚೆ ಮನೇಲಿ ನಮ್ಮಮ್ಮನಿಗೆ ಒಂದ್ಸಲ ಓದಿ ಹೇಳ್ತೀನಿ,” ಎಂದ.

ಲಾರಿ ಮರಳಿನಲ್ಲಿ ತೆವಳುತ್ತ ಬಂದ ದಾರಿ ಹಿಡಿಯಿತು. ಎಲ್ಲರೂ ಐವತ್ತು ಹೆಜ್ಜೆ ದೂರ ಸರಿದು ನಿಂತರು. ಸ್ವಲ್ಪ ಹೊತ್ತಿಗೆ ಹಕ್ಕಿ ಎರಡೂ ರೆಕ್ಕೆ ನೆಟ್ಟಗಿಟ್ಟುಕೊಂಡು ಬಂದು, ಆ ಕಡೆ ಈ ಕಡೆ ನೋಡಿ, ಮೊಟ್ಟೆಗಳ ಮೇಲೆ ಕುಳಿತಿತು. ಅತ್ತೆಯ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಸೊಸೆ ಇರಲಿಲ್ಲ. ತಿರುಗಿ ನೋಡಿದರೆ ಸೆರಗು ಸಿಕ್ಕಿಸಿಕೊಂಡು ಲಾರಿಯ ಹಿಂದೆ ಓಡುತ್ತಿದ್ದಳು.

“ಸ್ವಲ್ಪ ನಿಲ್ಸಿ,” ಎಂದು ಕೂಗುತ್ತಿದ್ದಳು, “ಅದರದ್ದೊಂದು ಜೆರಾಕ್ಸ್ ನನಗೂ ಬೇಕು.”