ಹವಾಯಿ ರಾಜನ ಮಣ್ಣು

"ಗುಂಡಿ ತೋಡಾಯ್ತು, ಹೆಣ ನಮ್ದು ಕಣ್ಲಾ!" ಮೇಲಿನಹಳ್ಳಿಯ ಅಂಬರೀಶ ಕದಿರಪ್ಪನ ಮನೆಯಂಗಳದಲ್ಲಿ ತೋಳು ಮಡಚಿದ.

"ನಿಮ್ಮೂರಾಗೇನು ಬಂಗಾರದ ಗುಂಡಿ ಐತಾ? ನಾವೂ ತೋಡಿದೀವಿ!" ಎಂದ ನಡುವಿನಹಳ್ಳಿಯವನೊಬ್ಬ. ಕೆಳಗಿನಹಳ್ಳಿಯವರು ಹಸಿಮಣ್ಣು ಮೆತ್ತಿದ ಸನಿಕೆ ಎತ್ತಿ ತೋರಿಸಿದರು.

ಮೂರು ಹಳ್ಳಿ, ಮೂರು ತಮಟೆ, ಮೂರು ಫ್ಲೆಕ್ಸು, ಹೆಣ ಒಂದೇ. ಬದುಕಿದ್ದಾಗ ಕದಿರಪ್ಪನಿಗೆ ಕೂರಲು ಒಂದು ಕುರ್ಚಿ ಕೊಡದವರು ಈಗ ಮಲಗಲು ಮೂರು ಜಾಗ ಕೊಟ್ಟಿದ್ದರು. ಸಮಾಧಿ ಯಾವ ಊರಲ್ಲೋ ಅವನು ಕಟ್ಟಿದ ಹಾಲಿನ ಡೈರಿಯೂ ಆ ಊರಿಗೇ ಎಂದು ಅಂಬರೀಶ ಹಬ್ಬಿಸಿದ್ದ. ಹಾಗಾದರೆ ಉಳಿದೆರಡು ಊರಿನ ಹಾಲು ನಾಳೆಯಿಂದಲೇ ಬಂದ್.

ಒಳಗೆ ಅಂಜಮ್ಮ ಗಂಡನ ತಲೆದೆಸೆಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಒಂದು ಚೊಂಬು ಹಾಲು. ಮೂರನೇ ದಿನ ಮಣ್ಣಿನ ಮೇಲೆ ಹಾಲು ಬಿಡಲು ಒಂದು ಜಾಗ ಸಿಕ್ಕರೆ ಸಾಕು, ಯಾವ ಊರಾದರೇನು ಎಂದುಕೊಳ್ಳುತ್ತಿದ್ದಳು.

ಹಿತ್ತಿಲ ಬಾಗಿಲಿನಿಂದ ಸೆಲ್ವರಾಜ್ ಬಂದ. ಹಿಂದೆ ಗಣಿ ಕೆಲಸದವನು, ಈಗ ಡೈರಿಯ ಟೆಂಪೋ ಓಡಿಸುವವನು.

"ಅಕ್ಕಾ, ಅಣ್ಣ ನಂಗೊಂದು ಮಾತು ಏಳಿದ್ರು."

*

ಕದಿರಪ್ಪ ರಾಬರ್ಟ್‌ಸನ್‌ಪೇಟೆಯ ಶಾಲೆಯೊಂದರಲ್ಲಿ ಜವಾನನಾಗಿದ್ದ. ಗಂಟೆ ಹೊಡೆದು, ಪಾಠ ಕೇಳಲು ತರಗತಿಯ ಕಿಟಕಿಗೆ ಕಿವಿ ಕೊಡುತ್ತಿದ್ದ. ಅಲ್ಲಿ ಸಿಕ್ಕಿದವನು ಹವಾಯಿಯ ರಾಜ ಕಮೆಹಮೆಹ. ಕಚ್ಚಾಡುತ್ತಿದ್ದ ದ್ವೀಪಗಳನ್ನು ಫಿರಂಗಿ ಹಿಡಿದು ಒಂದು ಮಾಡಿದವನು. ಕದಿರಪ್ಪ ಊರಿಗೆ ಬಂದು ಹಾಲಿನ ಕ್ಯಾನು ಹಿಡಿದ. ಒಬ್ಬರ ಹಾಲಿಗೆ ಒಬ್ಬರದು ಸೋಕಬಾರದೆನ್ನುತ್ತಿದ್ದ ಮೂರು ಹಳ್ಳಿಯ ಹಾಲನ್ನೂ ಅದಕ್ಕೇ ಸುರಿದು, "ಈಗ ನಿಮ್ಮ ನಿಮ್ಮದು ಆರಿಸ್ಕೊಂಡ್ ಓಗ್ರಪ್ಪಾ" ಅಂದ. ನಾಲ್ಕು ಏಟು ಬಿತ್ತು, ಡೈರಿ ಎದ್ದಿತು. ರಾಜನ ಹೆಸರಿಗೆ ನಾಲಗೆ ಹೊರಳದ ಜನ, ಇವನ ಸವೆದ ಹವಾಯಿ ಚಪ್ಪಲಿ ನೋಡಿ ಇವನನ್ನೇ ಹವಾಯಿ ರಾಜ ಅಂದರು.

ಕತೆಯ ಕೊನೆಯನ್ನು ಮಾತ್ರ ಸೆಲ್ವರಾಜನೊಬ್ಬನಿಗೇ ಹೇಳಿದ್ದ: "ಆ ರಾಜ ಸತ್ತಾಗ ಗೆಳೆಯ ಎಲುಬು ಬಚ್ಚಿಟ್ಬುಟ್ಟ. ಎಲ್ಲೀಂತ ಇವತ್ತಿಗೂ ಗೊತ್ತಿಲ್ಲ. ನಂಗೂ ಅಂಗೇ ಮಾಡ್ಲಾ."

*

"ಎಲ್ಲಿಗೆ ತಕೊಂಡೋಗ್ತೀಯಪ್ಪಾ?" ಅಂಜಮ್ಮ ಕೇಳಿದಳು.

"ನಿಮ್ಗೂ ಏಳ್ಬಾರ್ದು ಅಂದ್ರಕ್ಕಾ."

"ನಾನೇನು ಊರಾ?"

ಸೆಲ್ವರಾಜ್ ತಲೆ ತಗ್ಗಿಸಿದ. "ನೀವು ಆಲು ಬಿಡಾಕೆ ಓಗ್ತೀರ. ನಿಮ್ಮಿಂದೆ ಮೂರೂರೂ ಬತ್ತದೆ."

ಹೊರಗೆ ಸನಿಕೆ ಯಾರದೋ ತಲೆಗೆ ಬಡಿದ ಸದ್ದು. ಒಬ್ಬ ಕಿರುಚಿದ. ಅಂಜಮ್ಮ ಎದ್ದು, "ಮೈ ತೊಳೀಬೇಕು, ಯಾರೂ ಒಳೀಕ್ ಬರ್ಬೇಡಿ" ಎಂದು ಕೂಗಿ ಮುಂಬಾಗಿಲ ಚಿಲಕ ಹಾಕಿದಳು.

"ತಲೆ ಕಡೆ ನೀನಿಡ್ಕೋ," ಅಂದಳು.

ಹಿತ್ತಿಲಲ್ಲಿ ನಿಂತಿದ್ದ ಟೆಂಪೋಗೆ ಎತ್ತುವಾಗ, ತುಂಬಿದ ಹಾಲಿನ ಕ್ಯಾನಿನಷ್ಟೂ ಭಾರವಿರಲಿಲ್ಲ ರಾಜ.

ಟೆಂಪೋ ಹೋದ ಮೇಲೆ ಬಾಗಿಲು ತೆರೆದಾಗ, ಹೆಣ ಕಾಣದೆ ಮೂರು ಹಳ್ಳಿಯೂ ಒಂದೇ ಬಾಯಲ್ಲಿ ಅವಳನ್ನು ಬೈದವು. ಒಗ್ಗಟ್ಟು ಕೆಟ್ಟಿರಲಿಲ್ಲ.

ಸಂಜೆ ಟೆಂಪೋ ಹಿತ್ತಿಲಿಗೆ ವಾಪಸ್ ಬಂತು. ಅಂಗಳದಲ್ಲಿ ಕಾಯುತ್ತಿದ್ದ ಅಂಬರೀಶ, "ಅವನ ಕಾಲು ನೋಡ್ರೋ, ಎಲ್ಲಿ ಊತವ್ನೇಂತ ಮಣ್ಣೇ ಏಳ್ತದೆ!" ಎನ್ನುತ್ತ ಮನೆ ಸುತ್ತಿ ಓಡಿದ. ನಿಜವೇ. ಕೆರೆಯದಾದರೆ ಕಪ್ಪು, ಹೊಲದ್ದಾದರೆ ಕೆಂಪು, ಕೆಜಿಎಫ್‌ನ ಗಣಿಪುಡಿಯ ಸೈನೈಡ್ ದಿಬ್ಬದ್ದಾದರೆ ಬೂದಿ.

ಅಂಜಮ್ಮ ಅವನಿಗಿಂತ ಮುಂಚೆ ಹಿತ್ತಿಲಿಗೆ ಬಂದಿದ್ದಳು. ಒಮ್ಮೆ ಬಗ್ಗಿ ನೋಡಿದ್ದರೆ ಸಾಕಿತ್ತು, ಗಂಡ ಯಾವ ಮಣ್ಣಲ್ಲಿದ್ದಾನೆಂದು ತಿಳಿಯುತ್ತಿತ್ತು. ಕಣ್ಣು ಮುಚ್ಚಿ, ಚೊಂಬಿನ ಹಾಲನ್ನೆಲ್ಲ ಸೆಲ್ವರಾಜನ ಮೊಣಕಾಲಿಂದ ಪಾದಕ್ಕೆ, ಪಾದದಿಂದ ಬೆರಳ ಸಂದಿಗೆ ಬಿಡುತ್ತ, ಇನ್ನೊಂದು ಕೈಯಲ್ಲಿ ಉಜ್ಜುತ್ತ ಕೂತಳು.