ಹನ್ನೆರಡರೊಳಗೆ ಒಂದು ಗೋಡೆ

ಪಕ್ಕದ ಮನೆ ಕೆಡವುತ್ತಿದ್ದ ಯಂತ್ರ ಬೆಳಗ್ಗೆಯೇ ಅವಳ ಮನೆಯ ಇಂಟರ್ನೆಟ್ ತಂತಿಯನ್ನು ಹರಿದುಹಾಕಿತ್ತು. "ಪೇಟೆ ಮಧ್ಯಕ್ಕೆ ಹೋಗು. ಅಲ್ಲಿ ಮೂರು ಹೆಜ್ಜೆಗೊಂದು ಬಾಡಿಗೆ ಆಫೀಸು. ಮೇಜು, ಕುರ್ಚಿ, ಇಂಟರ್ನೆಟ್ಟು ಎಲ್ಲಾ ಗಂಟೆ ಲೆಕ್ಕದಲ್ಲಿ ಸಿಗುತ್ತೆ," ಎಂದಿದ್ದ ಅವಳ ಅಣ್ಣ. ಹೇಳಿದಷ್ಟು ಸಲೀಸಾಗಿರಲಿಲ್ಲ.

ಅವಳ ಕಸುಬು ಕೈಮಾತು. ಕಿವಿ ಕೇಳದವರಿಗೂ ಕೇಳುವವರಿಗೂ ನಡುವೆ ವಿಡಿಯೊ ಕರೆಯಲ್ಲಿ ಕೂತು, ಇವರ ಮಾತನ್ನು ಕೈಗೆ, ಅವರ ಕೈಯನ್ನು ಮಾತಿಗೆ ತಿರುಗಿಸುವುದು. ಅವಳ ಅಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಹಾಗಾಗಿ ಅವಳಿಗೆ ಕೈ ಮೊದಲು ಬಂದದ್ದು, ಬಾಯಿ ಆಮೇಲೆ. ಜಗಳ ಆಡಿ ಆಡಿ ಸಾಕಾದಾಗ ಅಮ್ಮ ಎದ್ದುಹೋಗಿ ದೀಪ ಆರಿಸಿಬಿಡುತ್ತಿದ್ದಳು. ಅಲ್ಲಿಗೆ ಮಗಳ ಬಾಯಿ ಮುಚ್ಚಿದಂತೆ.

ಹತ್ತು ಗಂಟೆಗೆ ದೂರದ ಊರಿನ ಆಸ್ಪತ್ರೆಯಿಂದ ನರ್ಸ್ ಕರೆ ಮಾಡಿದ್ದಳು. ಡಬ್ಬಿ ಒತ್ತುವ ಕಾರ್ಖಾನೆಯ ಕೆಲಸಗಾರ್ತಿಯೊಬ್ಬಳ ಬಲಗೈ ಯಂತ್ರಕ್ಕೆ ಸಿಕ್ಕಿತ್ತು. ಅವಳಿಗೆ ಕಿವಿ ಕೇಳದು, ಓದುಬರಹವೂ ಅಷ್ಟಕ್ಕಷ್ಟೆ. "ಹನ್ನೆರಡಕ್ಕೆ ಡಾಕ್ಟ್ರು ಒಪ್ಪಿಗೆ ಕೇಳ್ತಾರೆ. ಆಮೇಲೆ ಕಾಯೋಕಾಗಲ್ಲ. ಬೇರೆ ಯಾರೂ ಸಿಕ್ತಿಲ್ಲ, ದಯವಿಟ್ಟು," ಎಂದಳು ನರ್ಸ್.

ಮೊದಲ ಜಾಗ ಒಂಬತ್ತನೇ ಮಹಡಿಯಲ್ಲಿತ್ತು. "ಗುಂಡುಸೂಜಿ ಬಿದ್ರೂ ಕೇಳ್ಸುತ್ತೆ ಮೇಡಂ, ಅಷ್ಟು ನಿಶ್ಶಬ್ದ," ಎಂದು ಮ್ಯಾನೇಜರ್ ಹೆಮ್ಮೆಯಿಂದ ಕೋಣೆ ತೋರಿಸಿದ.

"ನಂಗೆ ನಿಶ್ಶಬ್ದ ಬೇಡ. ಬೆಳಕು ಬೇಕು. ಬೆನ್ನ ಹಿಂದೆ ಬರೀ ಗೋಡೆ ಇರಬೇಕು. ಹೊರಗಿನವರಿಗೆ ಕಾಣಬಾರದು."

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಇಲ್ಲಿ ಎಲ್ಲಾ ಗಾಜೇ."

ಗಾಜಿನೊಳಗೆ ಕೂತು ರೋಗಿಯ ಗುಟ್ಟನ್ನು ಕೈಯಲ್ಲಿ ಆಡುವುದೆಂದರೆ ಬೀದಿಯಲ್ಲಿ ನಿಂತು ಕೂಗಿದ ಹಾಗೆ. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದಳು.

ಎರಡನೆಯ ಜಾಗದಲ್ಲಿ ಖಾಲಿಯಿದ್ದದ್ದು ಒಬ್ಬರು ಕೂತು ಫೋನಿನಲ್ಲಿ ಮಾತಾಡುವಷ್ಟೇ ಗಾತ್ರದ ಗೂಡು ಒಂದೇ. ಒಳಗೆ ಕೂತು ಕೈಯಗಲಿಸಿದಳು; ಎರಡೂ ಮೊಣಕೈ ಗೋಡೆಗೆ ಬಡಿದವು. ಮಂಕು ದೀಪದಲ್ಲಿ ಲ್ಯಾಪ್‌ಟಾಪಿನ ಪರದೆಯ ಮೇಲೆ ಅವಳ ಮುಖ ಮಸಿ ಹಿಡಿದ ಪಾತ್ರೆಯಂತೆ ಕಂಡಿತು.

ಮೂರನೆಯದರಲ್ಲಿ ಹೇಳಿ ಮಾಡಿಸಿದಂಥ ಕೋಣೆಯಿತ್ತು. ತೆರೆದ ಬಾಗಿಲಿನಿಂದ ಅದರ ಬೂದು ಗೋಡೆಯೂ ದೊಡ್ಡ ಕಿಟಕಿಯೂ ಕಾಣುತ್ತಿದ್ದವು. ಆದರೆ ಸ್ವಾಗತದ ಹುಡುಗಿ ಕಂಪನಿಯ ನೋಂದಣಿ ಪತ್ರ ಕೇಳಿದಳು.

"ನಂಗೆ ಕಂಪನಿ ಇಲ್ಲಮ್ಮ. ನಾನೊಬ್ಬಳೇ. ಒಂದೇ ಒಂದು ಗಂಟೆ ಸಾಕು."

"ನಾಳೆಯೊಳಗೆ ಅನುಮತಿ ಬರುತ್ತೆ ಮೇಡಂ."

"ನಾಳೆ ಅಲ್ಲ, ಈಗ. ಅಲ್ಲೊಬ್ಬಳು ಕೈ ಜಜ್ಜಿಕೊಂಡು ಮಲಗಿದಾಳೆ!"

ಹುಡುಗಿಯ ಕಣ್ಣು ತುಂಬಿತು. ಆದರೂ, "ಸಿಸ್ಟಮ್ ಬಿಡಲ್ಲ," ಎಂದಳು.

ಫುಟ್‌ಪಾತಿಗೆ ಬಂದು ಗಡಿಯಾರ ನೋಡಿದಳು. ಗಂಟೆ ಹನ್ನೊಂದು ನಲವತ್ತು. ಸುತ್ತ ಮುಗಿಲು ಮುಟ್ಟುವ ಕಟ್ಟಡಗಳು, ಒಂದೊಂದರಲ್ಲೂ ಸಾವಿರ ಕೋಣೆ. ಫೋನ್ ಬಡಿದುಕೊಂಡಿತು. "ಜಾಗ ಸಿಕ್ತಾ?" ಎಂದಳು ನರ್ಸ್.

"ಸಿಕ್ತು," ಎಂದುಬಿಟ್ಟಳು. ಸುಳ್ಳು ಬಾಯಿಂದ ಬಿದ್ದ ಮೇಲೆ ಓಡದೆ ದಾರಿಯಿರಲಿಲ್ಲ.

ಕನ್ನಡಕದ ಅಂಗಡಿಯ ಮೇಲೆ, ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ನಾಲ್ಕನೆಯದು. ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡಿದ್ದ ಉಸ್ತುವಾರಿ ಹೆಂಗಸನ್ನು ಅಲ್ಲಿ ಎಲ್ಲರೂ ಕೀಲಿಯಕ್ಕ ಎನ್ನುತ್ತಿದ್ದರು.

"ಎಲ್ಲಾ ಭರ್ತಿ ಕಣಮ್ಮ. ಒಂದು ಕೋಣೆ ಇದೆ, ಬಣ್ಣ ಹೊಡೆದು ಇನ್ನೂ ಒಣಗಿಲ್ಲ. ಮುರುಕು ಕುರ್ಚಿ ಬೇರೆ ತುಂಬಿದೀವಿ."

"ಗೋಡೆ ಬಿಳಿಯಾ? ಕಿಟಕಿ ಇದೆಯಾ?"

"ಇದೆ. ಆದ್ರೆ ವಾಸನೆಗೆ ತಲೆ ಸಿಡಿಯುತ್ತೆ."

"ಸಿಡೀಲಿ. ಬಾಗಿಲು ತೆಗೀರಿ ಅಕ್ಕಾ!"

ಇಬ್ಬರೂ ಸೇರಿ ಕುರ್ಚಿಗಳನ್ನು ಮೂಲೆಗೆ ತಳ್ಳಿದರು. ಕೀಲಿಯಕ್ಕ ಬಾಗಿಲು ಮುಚ್ಚಿ ಹೊರಗೆ ಸ್ಟೂಲು ಹಾಕಿಕೊಂಡು ಕಾವಲು ಕೂತಳು. ಹನ್ನೆರಡಕ್ಕೆ ಎರಡು ನಿಮಿಷವಿದ್ದಾಗ ಪರದೆ ಬೆಳಗಿತು.

ಹಾಸಿಗೆಯ ಮೇಲಿನ ಹೆಂಗಸು ಬಿಳಿಚಿಕೊಂಡಿದ್ದಳು. ಬಲಗೈ ಬಟ್ಟೆಯ ಗಂಟಾಗಿತ್ತು. ಡಾಕ್ಟರು ಸುತ್ತುಬಳಸಲಿಲ್ಲ. "ಮಣಿಕಟ್ಟಿನವರೆಗೆ ತೆಗೀಬೇಕು. ಜೀವಕ್ಕೆ ಅದೇ ಕ್ಷೇಮ. ಕೇಳಿ ಅವರನ್ನ."

ಅದನ್ನು ಕೈಮಾತಿನಲ್ಲಿ ಹೇಳಲು ಇವಳು ತನ್ನ ಎಡ ಅಂಗೈಯನ್ನು ಬಲ ಮಣಿಕಟ್ಟಿನ ಮೇಲೆ ಕತ್ತಿಯಂತೆ ಇಳಿಸಬೇಕಿತ್ತು. ಇಪ್ಪತ್ತು ವರ್ಷದಲ್ಲಿ ಸಾವಿನ ಸುದ್ದಿ ಹೇಳಿದ್ದಳು, ತಲಾಖು, ಜೈಲು ಎಲ್ಲ ಹೇಳಿದ್ದಳು. ಕೈ ನಡುದಾರಿಯಲ್ಲಿ ನಿಂತದ್ದು ಇದೇ ಮೊದಲು. ಹಲ್ಲು ಕಚ್ಚಿ ಇಳಿಸಿದಳು.

ಹಾಸಿಗೆಯ ಹೆಂಗಸು ರೆಪ್ಪೆ ಹೊಡೆಯದೆ ನೋಡಿದಳು. ಆಮೇಲೆ ಎಡಗೈ ಎದ್ದಿತು. ಅಭ್ಯಾಸವಿಲ್ಲದ ಆ ಕೈ ತೊದಲಿತು, ತಡವರಿಸಿತು. ಅದರ ತೊದಲನ್ನು ಕೂಡಿಸಿ ಕೂಡಿಸಿ ಇವಳು ಬಾಯಿಬಿಟ್ಟಳು: "ಡಾಕ್ಟ್ರೇ, ನನ್ನ ಮಗಳಿಗೆ ಐದು ವರ್ಷ. ಅವಳಿಗೂ ಕಿವಿ ಕೇಳಲ್ಲ. ನಾನು ಅವಳ ಹತ್ರ ಮಾತಾಡೋದು ಈ ಕೈಯಲ್ಲೇ. ನೀವು ತೆಗೀತಿರೋದು ಕೈಯಾ, ನಾಲಿಗೆಯಾ?"

ಅಳು ಬಂತು; ಆದರೆ ಈ ದುಃಖ ತನ್ನದಲ್ಲ, ಅಳಲು ತನಗೆ ಹಕ್ಕಿಲ್ಲ. ನುಂಗಿಕೊಂಡಳು.

ಡಾಕ್ಟರು ಬಟ್ಟೆಯ ಗಂಟನ್ನು ಮತ್ತೊಮ್ಮೆ ಬಿಚ್ಚಿ ನೋಡಿದರು. "ಹೆಬ್ಬೆರಳು, ತೋರುಬೆರಳು ಉಳಿಸೋಕೆ ನೋಡಬಹುದು," ಎಂದರು ಕೊನೆಗೆ. "ಆದ್ರೆ ಸೋಂಕು ಏರಿದ್ರೆ ಮೊಣಕೈವರೆಗೂ ಹೋಗುತ್ತೆ. ಜೀವಕ್ಕೂ ಅಪಾಯ ಇದೆ."

ಅದನ್ನೂ ಕೂದಲೆಳೆಯಷ್ಟೂ ತಗ್ಗಿಸದೆ ದಾಟಿಸಿದಳು. ಆಗ ಹಾಸಿಗೆಯ ಹೆಂಗಸು ನೇರ ಇವಳತ್ತಲೇ ಬೆರಳು ಮಾಡಿದಳು: ನೀನಾಗಿದ್ದರೆ?

"ನನ್ನನ್ನ ಕೇಳ್ತಿದಾರೆ," ಎಂದು ಡಾಕ್ಟರಿಗೆ ಹೇಳಿ, ಕೈಯಲ್ಲಿ ಆಡಿದಳು: ನಾನು ಹೇಳುವಂತಿಲ್ಲ, ತಂಗಿ. ಹಾಗೆ ಹೇಳುವಾಗ ಇವಳಿಗೆ ತನ್ನ ಎರಡು ಕೈ ಕಂಡು ನಾಚಿಕೆಯಾಯಿತು.

ಎಡಗೈ ಮತ್ತೆ ಎದ್ದಿತು. ಹೆಬ್ಬೆರಳು, ತೋರುಬೆರಳು ತೋರಿಸಿ, ಎದೆ ಮುಟ್ಟಿಕೊಂಡಿತು.

"ಉಳಿಸಿ," ಎಂದಳು ಇವಳು.

ನಾಲ್ಕು ಗಂಟೆಯವರೆಗೂ ಆ ಕೋಣೆ ಬಿಟ್ಟು ಕದಲಲಿಲ್ಲ. ಕೀಲಿಯಕ್ಕ ಎರಡು ಸಲ ನೀರು ತಂದಿಟ್ಟಳು. ಕೊನೆಗೆ ನರ್ಸ್ ಕರೆ ಮಾಡಿದಳು. ಎರಡು ಬೆರಳು ಸದ್ಯಕ್ಕೆ ಉಳಿದಿವೆ, ಮೂರು ದಿನ ಕಳೆಯದೆ ಏನೂ ಹೇಳೋಕಾಗಲ್ಲ. "ಜ್ವರ ಶುರುವಾಗಿದೆ. ಎಚ್ಚರಾದಾಗ ಮತ್ತೆ ಮಾತಾಡಿಸಬೇಕು. ಸಿಗ್ತೀರಾ?"

ಅವಳು ಬಾಗಿಲು ತೆರೆದಳು. "ಅಕ್ಕಾ, ಈ ಕೋಣೆ ನಂಗೆ ನಾಳೆನೂ ಬೇಕು. ನಾಡಿದ್ದೂ. ಆಚೆ ನಾಡಿದ್ದೂ."

"ಬಣ್ಣ ಒಣಗಿರುತ್ತೆ ಬಿಡು," ಎಂದು ಕೀಲಿಯಕ್ಕ ಗೊಂಚಲಿನಿಂದ ಒಂದು ಬೀಗದ ಕೈ ಬಿಡಿಸತೊಡಗಿದಳು.