ಬಳ್ಳಿಗೆ ಕಟ್ಟಿದ ದಾರ

ದಾರ ಬಳ್ಳಿಯೊಳಕ್ಕೇ ಇಳಿದುಹೋಗಿತ್ತು. ಸಿದ್ದರಾಮು ಕುಂಬಳದ ಪಾತಿಯಲ್ಲಿ ಮೊಣಕಾಲೂರಿ, ಪಿನ್ನಿನ ತುದಿಯಿಂದ ಅದನ್ನು ಎಬ್ಬುತ್ತಿದ್ದ. ಗಾಯದಿಂದ ಕಂದು ಲೋಳೆ ಒಸರಿ ಹುಳಿ ನಾತ ಹೊಡೆಯಿತು. ಕಡೆಗೆ ಕರಿದಾರದ ತುಂಡೊಂದು ಗಂಟಿನ ಸಮೇತ ಈಚೆ ಬಂತು.

"ನೋಡಮ್ಮಿ, ನೋಡು. ಯಾವನೋ ಕಟ್ಟವ್ನೆ. ಬಳ್ಳಿ ದಪ್ಪ ಆಯ್ತಾ ಆಯ್ತಾ ಕುಯ್ಕಂಡು ಓಗದೆ."

ಹೆಂಡತಿ ಅಂಕಮ್ಮ ತುಂಬಿದ ಕೊಡವನ್ನು ಸೊಂಟದಲ್ಲೇ ಇಟ್ಟುಕೊಂಡು ನಿಂತಿದ್ದಳು. ಆ ದಾರವನ್ನು ಯಾವನೂ ಕಟ್ಟಿರಲಿಲ್ಲ. ಅವಳೇ ಕಟ್ಟಿದ್ದಳು.

ಶಿವನಸಮುದ್ರದ ಕರೆಂಟು ಮನೆಯಲ್ಲಿ ಮೂವತ್ನಾಲ್ಕು ವರ್ಷ ಪಾಳಿ ಮಾಡಿ ನಿವೃತ್ತನಾದ ಮೇಲೆ ಸಿದ್ದರಾಮು ಒಂದು ವರ್ಷ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕಾಯಿಲೆ ಅಂದರೆ ಕಾಯಿಲೆಯಲ್ಲ. ಬಿ.ಪಿ. ಸರಿಯಾಗಿದೆ, ಶುಗರ್ ಇಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಉಣ್ಣಲು ಕರೆದರೆ ಏಳುವನು, ಉಂಡ ಮೇಲೆ ಮತ್ತೆ ಗೋಡೆ. ಮನೆಯಲ್ಲಿ ಮನುಷ್ಯರ ದನಿ ಬೇಕೆಂದರೆ ಅಂಕಮ್ಮ ಟಿ.ವಿ. ಹಾಕಿಕೊಳ್ಳಬೇಕಿತ್ತು. ಇಂಥವನಿಗೆ ಮಳವಳ್ಳಿಯ ಬೀಜದಂಗಡಿ ಜಯಪ್ರಕಾಶ್ ನಾಲ್ಕು ವಿದೇಶಿ ಕುಂಬಳದ ಬೀಜ ಕೊಟ್ಟು, "ಮಂಡ್ಯದ ಫಲಪುಷ್ಪ ಪ್ರದರ್ಶನದಲ್ಲಿ ದೊಡ್ಡ ಕಾಯಿಗೆ ಬಹುಮಾನ ಅದೆ, ಆಕಿ ನೋಡಣ್ಣ" ಎಂದದ್ದೇ ನೆಪವಾಯಿತು. ಮನುಷ್ಯ ಎದ್ದ! ಹಿತ್ತಿಲಲ್ಲಿ ಗುಂಡಿ ತೋಡಿ ಗೊಬ್ಬರ ತುಂಬಿದ. ಬಳ್ಳಿ ಹರಿದಂತೆಲ್ಲ ಅದರ ಗೆಣ್ಣುಗಳಿಗೆ ಮಣ್ಣು ಮುಚ್ಚಿ, ಅಲ್ಲಲ್ಲೇ ಬೇರಿಳಿಸಿದ. ಒಂದೇ ಒಂದು ಕಾಯಿ ಉಳಿಸಿಕೊಂಡು ಮಿಕ್ಕ ಹೀಚನ್ನೆಲ್ಲ ಚಿವುಟಿ ಹಾಕಿದ. ದಿನಾ ಬೆಳಗ್ಗೆ ಕಾಯಿಯ ಸುತ್ತಳತೆ ಹಿಡಿದು, ಅರ್ಧ ಇಂಚು ಬೆಳೆದಿದ್ದರೆ ಆ ಸಂಭ್ರಮವನ್ನು ಹೆಂಡತಿಗೆ ಹೇಳಿಯೇ ಕಾಫಿ ಕುಡಿಯುತ್ತಿದ್ದ.

ಆದರೆ ಅಂಕಮ್ಮನದೂ ಮೈಯಲ್ಲವೇ? ನಾಲ್ಕು ತಿಂಗಳಿಂದ ನೀರು ಹೊತ್ತು ಸೊಂಟ ಬಿದ್ದುಹೋಗಿತ್ತು. ಪೈಪಿನ ನೀರು ಕಾದಿರುತ್ತದೆ, ಕೊಡದಲ್ಲೇ ತರಬೇಕಂತೆ. ಕಾಯಿಯ ನೆರಳಿಗೆ ಬೇರೆ ಬಟ್ಟೆ ಆಗುವುದಿಲ್ಲವಂತೆ, ಅವಳ ಹೂವಿನ ಸೀರೆಯೇ ಆಗಬೇಕಂತೆ. ತಮ್ಮನ ಮನೆಯ ಗೃಹಪ್ರವೇಶಕ್ಕೂ ಇವನು ಬರಲಿಲ್ಲ. ಕಾಯಿ ಬಿಟ್ಟು ಬರುವಂತಿಲ್ಲವಂತೆ. ನೆಂಟರ ಮುಂದೆ ಇಲ್ಲದ ಸುಳ್ಳು ಹೇಳಿ, ಒಬ್ಬಳೇ ಬಸ್ಸಿಳಿದು ಬಂದ ದಿನ ಅವಳ ಬಾಯಿಂದ ಶಾಪ ಬಂದೇಬಿಟ್ಟಿತು: "ಅದ್ನೇ ಕಟ್ಕಂಡು ಬಾಳಿ. ಎಕ್ಕುಟ್ಟೋಗ್ಲಿ ಆ ಕಾಯಿ!"

ಮಾರನೆಯ ದಿನವೇ ಎರಡು ಎಲೆ ಹಳದಿಯಾದವು. ತನ್ನ ಬಾಯೇ ತಗುಲಿತೆಂದುಕೊಂಡಳು ಅಂಕಮ್ಮ. ಇದೂ ಹೋದರೆ ಅವನು ಮತ್ತೆ ಗೋಡೆಗೇ ತಿರುಗುತ್ತಾನೆ. ಮಾರಮ್ಮನ ಗುಡಿಯಿಂದ ದೃಷ್ಟಿಯ ಕರಿದಾರ ತಂದು, ಅವನು ಸ್ನಾನಕ್ಕೆ ಹೋದಾಗ ಎಲೆ ಮರೆಯಲ್ಲಿ ಬಳ್ಳಿಗೆ ಕಟ್ಟಿದಳು. ಬಿಚ್ಚಿಹೋಗಬಾರದೆಂದು ಬಿಗಿಯಾಗಿಯೇ ಕಟ್ಟಿದಳು. ಮಗಳು ಅರ್ಪಿತ ಕೂಸಾಗಿದ್ದಾಗ ಉಡಿದಾರವನ್ನು ತಿಂಗಳಿಗೊಮ್ಮೆ ಸಡಿಲ ಮಾಡಿದ ಹೆಂಗಸಿಗೆ, ಬಳ್ಳಿಯೂ ದಪ್ಪವಾಗುತ್ತದೆ ಎಂಬುದು ಹೊಳೆಯಲಿಲ್ಲ, ನೋಡಿ.

ಸಿದ್ದರಾಮು ಎದ್ದು ನಿಂತಿದ್ದ. "ಸೋಮನಹಳ್ಳಿ ಚಲುವರಾಜುನೇ ಇದು. ಓದ್ವರ್ಸ ಬಹುಮಾನ ಒಡ್ದವ್ನು ಅವ್ನು. ಓದ್ ತಿಂಗ್ಳು ನೋಡ್ಕಂಡು ಓಗಕ್ಕೆ ಬಂದಿದ್ನಲ್ಲ, ಮಾಟ ಮಾಡ್ಸಿ ಕಟ್ಟವ್ನೆ. ಈವತ್ತು ಅವ್ನೋ ನಾನೋ!"

ಒಳಗೆ ಹೋಗಿ ಗೂಟದಿಂದ ಷರಟು ಎಳೆದುಕೊಂಡ. ಚಲುವರಾಜು ಪಾಪದವನು. ಅವತ್ತು ಕಾಯಿ ನೋಡಿ, "ಈ ಸಲ ನಿಮ್ದೇ ಕಣಣ್ಣ" ಎಂದು ಬಾಯ್ತುಂಬ ಹೇಳಿ, ಒಂದು ಲೋಟ ಮಜ್ಜಿಗೆ ಕುಡಿದು ಹೋಗಿದ್ದ. ಅಂಕಮ್ಮ ಕೊಡ ಇಳಿಸಿ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲೂ ಓಗ್ಬೇಡಿ. ಅದ ಕಟ್ಟಿದ್ದು ನಾನು."

ಅವನ ಕೈ ಷರಟಿನ ಗುಂಡಿಯ ಮೇಲೆಯೇ ನಿಂತಿತು. "ಯಾಕೆ?"

"ಎಕ್ಕುಟ್ಟೋಗ್ಲಿ ಅಂದ್ಬುಟ್ಟಿದ್ನಲ್ಲ. ನನ್ ಬಾಯಿ ತಟ್ಬಾರ್ದು ಅಂತ."

ಅವನು ಕೂಗಾಡಲಿ ಎಂದು ಅವಳು ಕಾದಳು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಸಿದ್ದರಾಮು ಷರಟನ್ನು ಬಿಚ್ಚಿ, ಇದ್ದ ಗೂಟಕ್ಕೇ ನೇತುಹಾಕಿ, ಹಿತ್ತಿಲಿಗೆ ಹೋಗಿ ಕಲ್ಲಿನ ಮೇಲೆ ಕುಳಿತುಬಿಟ್ಟ.

ಬಹಳ ಹೊತ್ತಾದ ಮೇಲೆ, "ಬ್ಲೇಡು ತತ್ತಾ" ಎಂದ.

ಕೊಳೆತದ್ದನ್ನು ಹೆರೆದಷ್ಟೂ ಕಂದು ಬಣ್ಣ ಒಳಗೊಳಗೇ ಹೋಗುತ್ತಿತ್ತು. ಹಾಗೇ ಬಿಟ್ಟರೆ ಕಾಯಿಗೂ ಹತ್ತುತ್ತದೆ. ಗಾಯದ ಎರಡೂ ಕಡೆ ಕತ್ತರಿಸಿ, ಬಳ್ಳಿಯನ್ನು ಬುಡದಿಂದ ಬಿಡಿಸಲೇಬೇಕು. ಆಮೇಲೆ ಕಾಯಿಗೆ ಉಳಿಯುವುದು ಗೆಣ್ಣುಗಳಲ್ಲಿ ಇಳಿದಿರುವ ಐದು ಬೇರು ಮಾತ್ರ. ಅಷ್ಟರಿಂದ ಅಂಥಾ ಕಾಯಿ ಬದುಕೀತೇ? ಪ್ರದರ್ಶನಕ್ಕೆ ಇನ್ನೂ ಹದಿನೆಂಟು ದಿನ. ಸಿದ್ದರಾಮು ಬ್ಲೇಡನ್ನು ಹೆಂಡತಿಯ ಕಡೆ ಚಾಚಿದ.

"ನೀನೇ ಕುಯ್ಯಿ."

ಅಂಕಮ್ಮ ಎರಡು ಕಡೆಯೂ ಕುಯ್ದಳು. ಅವನು ಕುಯ್ದ ಬಾಯಿಗೆ ಸುಣ್ಣ ಬಳಿದು, ಮೇಲೆ ನೀರೊಲೆಯ ಬೂದಿ ಉದುರಿಸಿದ.

ಮಾರನೆಯ ಬೆಳಗ್ಗೆ ಅಳತೆ ಹಿಡಿದರು. ಒಂದು ಟೇಪು ಸಾಲದೆಂದು ಅಂಕಮ್ಮನೇ ಎರಡು ಟೇಪು ಸೇರಿಸಿ ಹೊಲಿದುಕೊಟ್ಟಿದ್ದಳು. ಅರವತ್ತಾರು ಇಂಚು, ನಿನ್ನೆ ಇದ್ದಷ್ಟೇ. ಅದರ ಮಾರನೆಯ ದಿನವೂ ಅರವತ್ತಾರು. ಸಿದ್ದರಾಮು ಟೇಪನ್ನು ಸುತ್ತಿ ಅವಳ ಕೈಗಿಟ್ಟು, ಒಳಗೆ ಹೋಗಿ ಮಲಗಿದ. ಗೋಡೆಯ ಕಡೆಗೇ ಮಲಗಿದ.

ಮೂರನೆಯ ದಿನ ಬಿಸಿಲು ಹಿತ್ತಿಲಿಗೆ ಬಂದರೂ ಅವನು ಏಳಲಿಲ್ಲ. ಕಾಫಿ ತಣ್ಣಗಾಗಿ ಕೆನೆ ಕಟ್ಟಿತು. ಅಂಕಮ್ಮನಿಗೆ ಅಳು ಬರಲಿಲ್ಲ. ಅಳುವುದಕ್ಕೂ ಶಕ್ತಿ ಬೇಕಲ್ಲ. ಟೇಪು ಹಿಡಿದು ಒಬ್ಬಳೇ ಪಾತಿಗೆ ಹೋದಳು. ಒಂದು ತುದಿಯನ್ನು ಹಸಿಮಣ್ಣಿನಿಂದ ಕಾಯಿಗೆ ಮೆತ್ತಿ, ಸುತ್ತು ಬಂದು, ಇನ್ನೊಂದು ತುದಿಯನ್ನು ಎಳೆದಳು. ಸರಿಯಾಗಿ ಅರವತ್ತಾರು.

ಅವಳು ಸ್ವಲ್ಪ ಹೊತ್ತು ಆ ಅಂಕಿಯನ್ನೇ ನೋಡಿದಳು. ಆಮೇಲೆ ಟೇಪಿನ ಅಡಿಗೆ ತನ್ನ ಎರಡು ಬೆರಳು ತೂರಿಸಿದಳು. ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು, ಆಗ ಬಂದ ಅಳತೆಗೆ ಒಂದು ಬೊಟ್ಟಿಟ್ಟಳು. ಟೇಪನ್ನು ತಂದು ಗಂಡನ ತಲೆಯ ಹತ್ತಿರ, ಗೋಡೆಯ ಮಗ್ಗುಲಿಗೆ ಇಟ್ಟಳು.

"ಅರವತ್ತಾರೂ ಮುಕ್ಕಾಲು," ಎಂದಳು.

ಕಂಬಳಿಯಿಂದ ಒಂದು ಕೈ ಈಚೆ ಬಂದು ಟೇಪನ್ನು ಹಿಡಿದು, ಸುಣ್ಣದ ಬೊಟ್ಟನ್ನು ಉಗುರಿನಿಂದ ಮುಟ್ಟಿತು.

"ಸಡ್ಲ ಇಡ್ದಿದ್ದೀಯೆ."

"ಇಲ್ಲ."

"ಸಡ್ಲ ಇಡ್ದಿದ್ದೀಯೆ ಕಣಮ್ಮಿ. ಇಷ್ಟ್ ವರ್ಸ ಆದ್ರೂ ನಿಂಗೊಂದು ಅಳತೆ ಇಡಿಯಕ್ಕೆ ಬರಲ್ವಲ್ಲ!"

"ಬರಲ್ಲ. ಬಂದು ನೀವೇ ಇಡೀರಿ."

ಗೊಣಗುತ್ತಲೇ ಕಂಬಳಿ ಒದ್ದು ಎದ್ದ. ಚಪ್ಪಲಿಯನ್ನೂ ಮೆಟ್ಟದೆ ಹಿತ್ತಿಲಿಗೆ ನಡೆದ. ಅವಳು ಒಂದು ತುದಿ ಹಿಡಿದಳು. ಅವನು ಟೇಪು ಕಾಯಿಗೆ ಕಚ್ಚಿಕೊಳ್ಳುವಂತೆ ಬಿಗಿಯಾಗಿ ಎಳೆದು, ಬಗ್ಗಿ ಓದಿದ. ಅರವತ್ತಾರು. ತಲೆ ಎತ್ತಿ ಅವಳ ಸುಣ್ಣದ ಬೆರಳನ್ನು ನೋಡಿದ. ಅಂಕಮ್ಮ ಕೈ ಮರೆಮಾಡಲಿಲ್ಲ.

ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು ಅವನು ಬಳ್ಳಿಯ ಕುಯ್ದ ತುದಿಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತ. "ಬೂದಿ ಉದ್ರೋಗದೆ. ಒಸಿ ತತ್ತಾ," ಎಂದ.

ಅವಳು ನೀರೊಲೆಯಿಂದ ಮೊರದಲ್ಲಿ ಬೂದಿ ತಂದಳು. ಅವನು ಬೆರಳಿಟ್ಟು ನೋಡಿದ.

"ಬಿಸಿ ಅದೆ. ಆರ್ಲಿ, ಕೂತ್ಕೊ."

ಮೊರವನ್ನು ನಡುವೆ ಇಟ್ಟುಕೊಂಡು, ಬೂದಿ ಆರುವ ತನಕ ಇಬ್ಬರೂ ಹೂವಿನ ಸೀರೆಯ ನೆರಳಿನಲ್ಲಿ ಕುಳಿತರು.